ಕೊನೆಗೆ ಉಳಿದವರು

ನಾನು ಒಮ್ಮೆ ಸೀಟಿ ಊದಿದರೆ ಆಕಾಶದಲ್ಲಿ ಹೋಗುತ್ತಿರುವ ವಿಮಾನವೂ ಇಳಿದು ಬಂದು ಸಾಲಿನಲ್ಲಿ ನಿಲ್ಲುತ್ತದೆ. ಅಂಥ ಡ್ರಿಲ್ ಮೇಷ್ಟ್ರು ನಾನು. ನಾಲ್ಕನೇ ಕ್ಲಾಸಿನ ಮಕ್ಕಳು ಇನ್ನೊಬ್ಬರನ್ನು ಗೋಳುಹೊಯ್ದುಕೊಳ್ಳುವ ಚಾಳಿಯನ್ನು ಒಂದೇ ಪೀರಿಯಡ್‌ನಲ್ಲಿ ಬೇರುಸಹಿತ ಕಿತ್ತೆಸೆದೆ ಎಂದರೆ, ಹೆಡ್‌ಮಿಸ್ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನನ್ನನ್ನೇ ನೋಡುವುದೇ?

“ಕೂತ್ಕೊಳ್ಳಿ ಮೇಷ್ಟ್ರೇ. ಆ ಹುಡುಗಿ ಅಮ್ಮ ಈಗ ತಾನೇ ಫೋನ್ ಮಾಡಿದ್ರು. ಆಟದ ಪೀರಿಯಡ್ ಇದ್ದ ದಿನ ತಪ್ಪದೆ ಹೊಟ್ಟೆನೋವು ಅಂತ ಅತ್ಕೊಂಡೇ ಬರೋಳಂತೆ. ಬೇರೆ ಸ್ಕೂಲಿಗೆ ಹಾಕೋಣ ಅಂತಿದ್ರಂತೆ. ಇವತ್ತು ನೋಡಿದ್ರೆ ಎಲ್ಲರಿಗಿಂತ ಮೊದಲು ರೆಡಿಯಾಗಿ ಬಾಗಿಲಲ್ಲಿ ನಿಂತಿದ್ಲಂತೆ! ನಿನ್ನೆ ಅದೇನು ಮಾಡಿದ್ರಿ ಹೇಳಿ. ಪೋಷಕರ ಸಭೇಲಿ ನೀವೇ ಮಾತಾಡ್ಬೇಕು.”

ಆ ಹುಡುಗಿ ಎಂದರೆ ಕ್ಲಾಸಿಗೆಲ್ಲ ಗಿಡ್ಡಿ. ಯಾವಾಗ ನೋಡಿದರೂ ಬಗ್ಗಿ ಶೂ ಲೇಸು ಕಟ್ಟುತ್ತಿರುತ್ತಾಳೆ. ಪಾಪ, ಗಂಟು ಹಾಕಲು ಬರುವುದಿಲ್ಲ ಎಂದುಕೊಂಡಿದ್ದೆ. ಇಬ್ಬರು ಕ್ಯಾಪ್ಟನ್‌ಗಳು ಎದುರುಬದುರು ನಿಂತು ಒಬ್ಬೊಬ್ಬರನ್ನೇ ಕರೆದು ತಂಡ ಕಟ್ಟುವುದು ನಮ್ಮ ಮೈದಾನದ ಪದ್ಧತಿ. ಎಲ್ಲರೂ ಹೋದ ಮೇಲೆ ಉಳಿಯುವವಳು ಅವಳೇ. “ನಿಂಗೇ ಇರ್ಲಿ ಕಣೋ”, “ಬೇಡಪ್ಪ, ನೀನೇ ಇಟ್ಕೋ” ಎಂದು ಅವಳನ್ನು ಹರಿದ ಚೆಂಡಿನ ಹಾಗೆ ಆ ಕಡೆಗೂ ಈ ಕಡೆಗೂ ದೂಡುತ್ತಿದ್ದರು. ‘ಲೆಕ್ಕಕ್ಕಿಲ್ಲ’ ಎಂದೇ ಅವಳಿಗೆ ಹೆಸರು. ಹೆಸರಿಟ್ಟವನು ಕ್ಯಾಪ್ಟನ್ ಪೈಲ್ವಾನ. ನಾಲ್ಕನೇ ಕ್ಲಾಸಿಗೇ ಅವನಿಗೆ ಮೀಸೆ ಬಂದಿದೆ, ಬೇಕಾದರೆ ಆಣೆ ಮಾಡುತ್ತೇನೆ.

“ಗರ್ಜಿಸಿದೆ ನೋಡಿ ಮೇಡಂ! ಗೋಲಿನ ಕಂಬ ಗಡಗಡ ನಡುಗ್ತು. ಪೈಲ್ವಾನನ ಎರಡು ಹಲ್ಲು ತಾವಾಗೇ ಉದುರಿದ್ವು.”

“ಅವು ಹಾಲುಹಲ್ಲು. ಹೋದ ವಾರವೇ ಬಿದ್ದಿದ್ವು.”

“ಉಳಿದವು ಅಲ್ಲಾಡಿದ್ವು! ಆಮೇಲೆ ಗೌರವ ಅಂದ್ರೇನು ಅಂತ ಭಾಷಣ ಶುರು ಮಾಡಿದೆ. ಮರದ ಮೇಲಿನ ಕಾಗೆಗಳು ರೆಕ್ಕೆಯಲ್ಲಿ ಕಣ್ಣೊರೆಸ್ಕೊಂಡ್ವು. ಅಲ್ಲೇ ಕಾನೂನು ಮಾಡಿದೆ: ನಾಳೆಯಿಂದ ಯಾರೂ ಯಾರನ್ನೂ ಆರಿಸೋ ಹಾಗಿಲ್ಲ. ಚೀಲದಿಂದ ರಿಬ್ಬನ್ ಎತ್ಬೇಕು. ಕೆಂಪು ಬಂದ್ರೆ ಆ ಕಡೆ, ನೀಲಿ ಬಂದ್ರೆ ಈ ಕಡೆ. ಇಂಥದ್ದು ನನ್ನ ತಲೆಗಲ್ಲದೆ ಇನ್ಯಾರ ತಲೆಗೆ ಹೊಳೆಯುತ್ತೆ ಮೇಡಂ?”

“ಎಲ್ಲ ಸರಿ,” ಹೆಡ್‌ಮಿಸ್ ಕಿಟಕಿಯ ಕಡೆ ಕೈ ತೋರಿಸಿದರು. “ಇಲ್ಲಿಂದ ಮೈದಾನ ಪೂರ್ತಿ ಕಾಣುತ್ತೆ. ಒಂದು ಮಾತ್ರ ಅರ್ಥ ಆಗ್ಲಿಲ್ಲ. ನೀವು ಮಕ್ಕಳ ಸಾಲಲ್ಲಿ ನಿಂತು, ಅಷ್ಟೊತ್ತು ಬಗ್ಗಿ ಶೂ ಲೇಸು ಕಟ್ತಿದ್ರಲ್ಲ...” ಮೇಜಿನಡಿ ಇಣುಕಿ ನನ್ನ ಕಾಲು ನೋಡಿದರು. “ನಿಮ್ಮ ಶೂಗೆ ಲೇಸೇ ಇಲ್ಲವಲ್ಲ ಮೇಷ್ಟ್ರೇ?”

ಹೊಟ್ಟೆ ಅಡ್ಡ ಬರುತ್ತದೆಂದು ನಾನು ಲೇಸಿಲ್ಲದ ಶೂ ಹಾಕಲು ಶುರು ಮಾಡಿ ಎಷ್ಟೋ ವರ್ಷವಾಯಿತು. ನನ್ನ ಗಾಳಿಯೆಲ್ಲ ಠುಸ್ಸೆಂದು ಹೋಯಿತು.

“ಗರ್ಜನೆ ಗಿರ್ಜನೆ ಏನೂ ಇಲ್ಲ ಮೇಡಂ. ‘ಕೊನೆಗೆ ಉಳಿದ್ರೇನಮ್ಮ, ಅಳ್ತಾರಾ? ಎದೆ ಸೆಟೆಸಿ ನಿಲ್ಬೇಕು, ನನ್ನ ನೋಡಿ ಕಲ್ತ್ಕೋ’ ಅಂತ ಅವಳ ಪಕ್ಕ ನಿಂತ್ಕೊಂಡೆ. ಮೊದಲಿಂದ ಆರಿಸ್ರೋ ಅಂದೆ. ನನ್ನನ್ನೇ ಮೊದಲು ಕರೀತಾರೆ ಅಂತ ಒಂದು ಕಾಲು ಮುಂದಿಟ್ಟೇ ನಿಂತಿದ್ದೆ.”

“ಕರೀಲಿಲ್ವಾ?”

“ಎಲ್ರೂ ಹೋದ್ರು. ನಾವಿಬ್ರೇ ಉಳಿದ್ವಿ. ಪೈಲ್ವಾನ ನನ್ನ ಹೊಟ್ಟೆ ನೋಡ್ದ, ಅವಳನ್ನ ನೋಡ್ದ. ‘ಅವಳೇ ಬರ್ಲಿ, ಓಡೋಕಾದ್ರೂ ಓಡ್ತಾಳೆ’ ಅಂದ. ಆ ಕಡೆಯವನು ‘ಸಾರ್ ನಮಗೂ ಬೇಡ’ ಅಂದ. ಸಂಜೆಯೊಳಗೆ ಆ ಲೆಕ್ಕಕ್ಕಿಲ್ಲ ಅನ್ನೋ ಹೆಸರು ನನಗೆ ವರ್ಗ ಆಯ್ತು. ರಿಬ್ಬನ್ ತಂದಿದ್ದು ಮಕ್ಕಳ ಮಾನ ಉಳಿಸೋಕಲ್ಲ ಮೇಡಂ, ನನ್ನದು ಉಳಿಸ್ಕೊಳ್ಳೋಕೆ. ಇನ್ನೊಂದು ಸಲ ಅಲ್ಲಿ ನಿಲ್ಲೋಕೆ ನನ್ನ ಕೈಲಾಗಲ್ಲ.”

ಹೆಡ್‌ಮಿಸ್ ನಗಲಿಲ್ಲ. “ಮತ್ತೆ ಲೇಸು?”

“ಅದು... ಇಬ್ಬರೇ ಉಳಿದಾಗ ಆ ಹುಡುಗಿ ನನ್ನ ಶರ್ಟು ಜಗ್ಗಿ, ಮೆಲ್ಲಗೆ ಹೇಳಿಕೊಟ್ಲು: ‘ಸಾರ್, ಅವರ ಮುಖ ನೋಡ್ಬೇಡಿ. ಬಗ್ಗಿ ಲೇಸು ಕಟ್ತಾ ಇರಿ. ಬೇಗ ಮುಗಿಯುತ್ತೆ.’”