ಯಾರೂ ಎಳೆಯದ ಗೆರೆ

ಒದ್ದೆ ಕೆಮ್ಮಣ್ಣಿನ ವಾಸನೆ ಬಂದರೆ ಈಗಲೂ ನನ್ನ ಬೆನ್ನು ತಣ್ಣಗಾಗುತ್ತದೆ.

ಸಾಗರದ ಹತ್ತಿರದ ನಮ್ಮ ಮನೆಯಲ್ಲಿ ಅಕ್ಕನ ಮದುವೆಗೆಂದು ಅಜ್ಜಿ ಆಗಷ್ಟೇ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುತ್ತಿದ್ದಳು. ಮದುವೆಯ ಹಿಂದಿನ ದಿನವೋ, ಅದಕ್ಕೂ ಮೊದಲೋ, ಖಚಿತವಾಗಿ ಹೇಳಲಾರೆ. ನೀರಲ್ಲಿ ಕಲಸಿದ ಅಕ್ಕಿಹಿಟ್ಟಿನಲ್ಲಿ ಅದ್ದಿದ ಪುಂಡಿನಾರಿನ ಕುಂಚದಿಂದ ಎಡಕ್ಕೆ ಅರ್ಧ, ಬಲಕ್ಕೆ ಅರ್ಧ ಅಡ್ಡಗೆರೆಗಳನ್ನು ಎಳೆದಿದ್ದಳು. ನಡುವೆ ಅವು ಕೂಡಿರಲಿಲ್ಲ. ಈ ಕಡೆಯ ಗೆರೆಯ ತುದಿ ಆ ಕಡೆಯ ಎರಡು ಗೆರೆಗಳ ಸಂದಿಗೆ ಬಂದಿತ್ತು. ದೂರದಿಂದ ನೋಡಿದರೆ ಅಲ್ಲಿ ಮೇಲಿಂದ ಕೆಳಗೆ ಒಂದು ಅಂಚು ಎದ್ದು ಕಾಣುತ್ತಿತ್ತು.

“ಅಜ್ಜಿ, ನಡುವೆ ಉದ್ದ ಗೆರೆ ಎಂತಕ್ಕೆ?”

“ನಾ ಎಳೀಲೇ ಇಲ್ವಲ್ಲೇ.” ಅವಳು ಗೋಡೆಗೆ ಮೂಗು ತಾಗಿಸಿ ಹುಡುಕಿದಳು. ಆಮೇಲೆ ಮೆಲ್ಲಗೆ, “ಚಿಕ್ಕಮ್ಮಂಗೆ ಹೇಳ್ಬೇಡ. ಕಣ್ಣು ಹೋತು ಅಂತ ನಾರು ಕಸ್ಕೊಳ್ತಾಳೆ,” ಎಂದಳು.

ಅಷ್ಟರಲ್ಲಿ ಚಿಕ್ಕಮ್ಮ ಬಂದಳು. ನಾನು ಇನ್ನೂ ಆರದ ಆ ಗೆರೆಗಳ ಅಂಚಿಗೆ ಬೆನ್ನು ಒತ್ತಿ ನಿಂತೆ.

“ಎಂತ ಮಾರಾಯ್ತಿ, ಗೋಡೆ ಬೀಳ್ತದೆ ಅಂತ ಹಿಡ್ಕೊಂಡಿದೀಯಾ?” ಎಂದು ನಕ್ಕಳು. “ಬಾ ಈಚೆ. ತಿರುಗು.”

ತಿರುಗಿದೆ. ಅವಳ ನಗು ನಿಂತಿತು. ನನ್ನ ಬೆನ್ನ ಮೇಲೆ ಏನು ಮೂಡಿತ್ತೋ ನನಗೆ ಕಾಣಲಿಲ್ಲ. ಈಗ ನನ್ನ ಕಣ್ಣೆದುರಿಗಿದ್ದ ಅದೇ ಗೋಡೆಯಲ್ಲಿ, ನಾನು ಒರಗಿದ್ದಲ್ಲಿ, ಗೆರೆಗಳು ಕಲಸಿಹೋಗಿದ್ದವು.

“ನಾರು ಕೊಡಿ ಅತ್ತೆ,” ಎಂದಳು ಚಿಕ್ಕಮ್ಮ, ಹಿಂದಿನಿಂದ, ತುಂಬ ಮೆತ್ತಗೆ. “ಉಳಿದದ್ದು ನಾ ಬರೀತೀನಿ.”