ಹಾಯಿ ಉಟ್ಟವರು

"ಹಾಯಿ ಎಲ್ಲಿ?" ಎಂದು ಸುಂಕದ ಅಧಿಕಾರಿ ಓಬೆಡ್ ಗದರಿದಾಗ, ಹಡಗಿನ ಒಡತಿ ಟ್ಯಾಬಿತಾ ತನ್ನ ಸೊಂಟ ತಟ್ಟಿ ತೋರಿಸಿದಳು. ಅವಳು ಉಟ್ಟಿದ್ದು ಹಾಯಿಯ ಒಂದು ಪಟ್ಟಿ. ಹಡಗುಕಟ್ಟೆಯಲ್ಲಿ ನೆರೆದಿದ್ದ ಮೀನುಗಾರರ ಹೆಂಡಂದಿರೆಲ್ಲ ಅದೇ ಹಾಯಿಯ ಹೊಲಿಗೆ ಬಿಚ್ಚಿ, ಒಂದೊಂದು ಪಟ್ಟಿಯನ್ನು ಲಂಗದಂತೆ ಸುತ್ತಿಕೊಂಡು, ಬೆನ್ನ ಹಿಂದೆ ಹಗ್ಗದಿಂದ ಗಂಟು ಹಾಕಿಕೊಂಡಿದ್ದರು.

"ತಮಾಷೆ ಸಾಕು, ಟ್ಯಾಬಿತಾ ಅತ್ತೆ. ಅಮೆರಿಕದ ಯಾವ ಹಡಗೂ ಪರದೇಶಕ್ಕೆ ಹೋಗಬಾರ್ದು ಅಂತ ಅಧ್ಯಕ್ಷರು ಕಾನೂನು ಮಾಡಿದ್ದಾರೆ. ಹಾಯಿ ಕಿತ್ಕೊಂಡು ಬಾ ಅಂತ ನನಗೆ ಅಪ್ಪಣೆ ಆಗಿದೆ."

"ನಮ್ಮ ಹಡಗು ಹಿಡಿಯೋರು ಇಂಗ್ಲೆಂಡಿನೋರು, ಫ್ರಾನ್ಸಿನೋರು. ಅವರ ಮೇಲಿನ ಸಿಟ್ಟಿಗೆ ನಿಮ್ಮ ಅಧ್ಯಕ್ಷರು ನಮ್ಮ ಹೊಟ್ಟೆ ಮೇಲೆ ಹೊಡೀತಾರಾ? ಉಪ್ಪುಮೀನು ಉಗ್ರಾಣದಲ್ಲಿ ಕೊಳೀತಾ ಇದೆ. ಬೇಕಿದ್ರೆ ಅದನ್ನ ವಾಷಿಂಗ್ಟನ್ನಿಗೆ ಹೊತ್ಕೊಂಡು ಹೋಗು, ಅವರ ಮೂಗಿಗಾದರೂ ಬುದ್ಧಿ ಬರಲಿ!"

ಹೆಂಗಸರು ಗೊಳ್ಳೆಂದು ನಕ್ಕರು. ಓಬೆಡ್‌ನ ಕಿವಿ ಕೆಂಪಾಯಿತು. "ಹಾಗಾದ್ರೆ ನಾನೇ ಬಿಚ್ಚಬೇಕಾಗತ್ತೆ" ಎಂದು ಕೂಗಿದ.

ಗುಂಪಿನಿಂದ ಅವನ ತಾಯಿ ಕೆಜಾಯಾ ಮುಂದೆ ಬಂದಳು. ಅವಳ ಸೊಂಟದಲ್ಲೂ ಹಾಯಿ. "ನನ್ನಿಂದಲೇ ಶುರು ಮಾಡಪ್ಪ" ಎಂದು ಅವನಿಗೆ ಬೆನ್ನು ತಿರುಗಿಸಿ ನಿಂತಳು. "ಕಷ್ಟ ಏನಿಲ್ಲ. ಸಮುದ್ರದ ಪಾಲಾಗೋ ಮುಂಚೆ ನಿಮ್ಮಪ್ಪ ನಿನಗೆ ಕಲಿಸಿದ್ರಲ್ಲ, ಅದೇ ಗಂಟು."

ಓಬೆಡ್ ಚಾಚಿದ ಕೈ ಗಂಟಿನ ಹತ್ತಿರ ಹೋಗಿ ನಿಂತಿತು. ಆಗ ಟ್ಯಾಬಿತಾ ತಿರುಗಿದಳು, ಅವಳ ಪಕ್ಕದವಳು ತಿರುಗಿದಳು. ಕಟ್ಟೆಯುದ್ದಕ್ಕೂ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಅವನಿಗೆ ಬೆನ್ನು ತಿರುಗಿಸಿ, ಸಮುದ್ರದ ಕಡೆ ಮುಖ ಮಾಡಿ ನಿಂತರು.