ಯಾರೂ ಕೂಗದ ಆಟೋ

ಅಲ್ಲಿಯವರೆಗೆ ಗದ್ದಲದಲ್ಲಿ ನಡೆಯುತ್ತಿದ್ದ ಹರಾಜು, ಸುರೇಂದ್ರನ ಆಟೋ ಬಂದ ಕೂಡಲೇ ತಣ್ಣಗಾಯಿತು...

ಅದು ಮೈಸೂರಿನ ಹೊರಗೆ ಫೈನಾನ್ಸ್ ಕಂಪನಿಯೊಂದರ ಯಾರ್ಡು. ಕಂತು ನಿಂತ ಗಾಡಿಗಳನ್ನು ತಂದು ಮಾರುವ ಜಾಗ.

ಸುರೇಂದ್ರ ತೀರಿಕೊಂಡು ಏಳು ತಿಂಗಳಾಗಿತ್ತು. ಸಾಲದ ಕಾಗದದಲ್ಲಿ ಹೆಂಡತಿ ವಾರಿಜಾಳ ಸಹಿಯೂ ಇತ್ತು.

ಕಂಪನಿಯವರು ಕೆಟ್ಟವರೇನಲ್ಲ. ಎರಡು ಸಲ ನೋಟಿಸ್ ಕಳಿಸಿದ್ದರು. ಗಾಡಿ ಒಯ್ಯುವಾಗ ಒಳಗಿದ್ದ ಅವನ ಕನ್ನಡಕವನ್ನು ನೆನಪಿಟ್ಟು ಅವಳ ಕೈಗೆ ಕೊಟ್ಟು ಹೋಗಿದ್ದರು.

ವಾರಿಜಾ ಗೋಡೆ ಪಕ್ಕ ನಿಂತಿದ್ದಳು. ಅಳು ಬಂದಿರಲಿಲ್ಲ... ಅದು ಬರುವುದು ನಿಂತು ಬಹಳ ದಿನವಾಗಿತ್ತು.

"ಎಂಬತ್ತು ಸಾವಿರ" ಎಂದ, ಹಳೇ ಗಾಡಿ ಕೊಂಡು ಮಾರುವ ದಲ್ಲಾಳಿ.

ಬೇರೆ ಆಟೋಗಳಿಗೆ ಪೈಪೋಟಿಯಲ್ಲಿ ಕೂಗುತ್ತಿದ್ದ, ಸುರೇಂದ್ರನ ಆಟೋ ಸ್ಟ್ಯಾಂಡಿನ ಹುಡುಗರೆಲ್ಲ ಈಗ ತಲೆ ತಗ್ಗಿಸಿ ನಿಂತಿದ್ದರು.

ಸ್ಟ್ಯಾಂಡಿಗೆ ಹಿರಿಯನಾದ ಕೆಂಪಣ್ಣ ಅವಳ ಹತ್ತಿರ ಬಂದ.

"ನಮ್ಮೋರು ಯಾರೂ ಕೂಗಕ್ಕಿಲ್ಲ ಕಣವ್ವ. ಜೊತೆಗಾರನ ಗಾಡೀನ ಹರಾಜಲ್ಲಿ ಹಿಡಿಯೋದು ನಮ್ ಸ್ಟ್ಯಾಂಡಲ್ಲಿಲ್ಲ. ಅದು ಅವನ ಅನ್ನ."

ವಾರಿಜಾ ಅವನ ಮುಖ ನೋಡಿದಳು. "ಎಷ್ಟು ಬಾಕಿ ಇದೆ ಗೊತ್ತಾ ಕೆಂಪಣ್ಣ? ಒಂದು ಲಕ್ಷ ನಲವತ್ತು."

"ಗಾಡಿ ಹೋದ್ಮೇಲೆ ಸಾಲಾನೂ ಹೋಯ್ತಲ್ಲವ್ವ."

"ಹೋಗಲ್ಲ. ಬಂದ ದುಡ್ಡು ಸಾಲಕ್ಕೆ ಸಾಲದಿದ್ರೆ ಉಳಿದಿದ್ದು ನಾನು ಕಟ್ಟಬೇಕು. ಮಿಕ್ಕಿದ್ರೆ ನನಗೇ ವಾಪಸ್ ಕೊಡಬೇಕು. ನೋಟಿಸ್ ಪೂರ್ತಿ ಓದಿದೀನಿ."

ಕೆಂಪಣ್ಣ ಬೆರಳು ಮಡಿಸಿ ಲೆಕ್ಕ ಹಾಕಿದ. "ಅಂದ್ರೆ... ಎಂಬತ್ತಕ್ಕೆ ಹೋದ್ರೆ?"

"ಅರವತ್ತು ಸಾವಿರ ನನ್ನ ತಲೆ ಮೇಲೆ. ಮನೇಲಿರೋದು ಒಂದು ಹೊಲಿಗೆ ಮಿಷನ್ನು."

"ಎಂಬತ್ತು ಸಾವಿರ... ಒಂದು ಸಾರಿ" ಎಂದರು ಹರಾಜು ನಡೆಸುತ್ತಿದ್ದ ಕಂಪನಿ ಮ್ಯಾನೇಜರ್. "ಎಂಬತ್ತು ಸಾವಿರ... ಎರಡು ಸಾರಿ."

"ಕೂಗಿ ಅಣ್ಣ" ಎಂದಳು ವಾರಿಜಾ. "ನಮ್ಮನೆಯವರಿಗೆ ಮರ್ಯಾದೆ ಕೊಡಬೇಕು ಅಂದ್ರೆ ಕೂಗಿ."

ಕೆಂಪಣ್ಣ ತಟ್ಟನೆ ಹುಡುಗರ ಕಡೆ ತಿರುಗಿದ.

"ಬಾಯಿಗೇನ್ರಲಾ ಬೀಗ ಹಾಕ್ಕೊಂಡಿದೀರಿ? ಕೂಗ್ರಲಾ."

"ಬೆಳಿಗ್ಗೆ ನೀನೇ ಬ್ಯಾಡ ಅಂದ್ಯಲ್ಲಣ್ಣ."

"ಬೆಳಿಗ್ಗೆ ನಂಗೆ ಬುದ್ಧಿ ಇರ್ನಿಲ್ಲ. ತೊಂಬತ್ತು ಸಾವಿರ!"

ಒಬ್ಬ ನಕ್ಕ. ಆಮೇಲೆ ಒಬ್ಬೊಬ್ಬರೇ ಬಾಯಿ ಬಿಟ್ಟರು...

"ಹೋದ ವರ್ಷ ಎಂಜಿನ್ ಬಿಚ್ಚಿಸಿ ಹೊಸದು ಮಾಡಿಸಿದ್ದ. ಒಂದು ಲಕ್ಷ ಹತ್ತು."

"ಒಂದಿನ ಒರೆಸದೆ ಗಾಡಿ ಈಚೆಗೆ ತೆಗೆದೋನಲ್ಲ. ಒಂದು ಲಕ್ಷ ಇಪ್ಪತ್ತೈದು."

"ಗುಂಡಿ ಕಂಡ್ರೆ ಹಿಂದೆ ಬಸುರಿ ಕೂತವ್ಳೆ ಅನ್ನೋ ಥರ ಮೆಲ್ಲಗೆ ಇಳಿಸ್ತಿದ್ದ ಮಾರಾಯ. ಒಂದು ಲಕ್ಷ ನಲವತ್ತು."

ದಲ್ಲಾಳಿ ಕೈಚೆಲ್ಲಿ ಟೀ ಕುಡಿಯಲು ಹೋದ.

ವಾರಿಜಾ ಗೋಡೆ ಹಿಡಿದುಕೊಂಡಳು. ಏಳು ತಿಂಗಳಿಂದ ಅವಳೆದುರು ಯಾರೂ ಅವನ ಹೆಸರೆತ್ತಿರಲಿಲ್ಲ... ಅವಳಿಗೆ ನೋವಾದೀತೆಂದು. ಈಗ ಒಂದೊಂದು ಕೂಗಿಗೂ ಅವನು ಒಂದಿಷ್ಟು ಹತ್ತಿರ ಬಂದಂತಾಯಿತು.

ಕಣ್ಣು ಒದ್ದೆಯಾದದ್ದು ಅವಳಿಗೆ ಆಮೇಲೆ ಗೊತ್ತಾಯಿತು.

ಒಂದು ಲಕ್ಷ ಐವತ್ತೆಂಟು ಸಾವಿರಕ್ಕೆ ಕೂಗು ನಿಂತಿತು. ಹಿಡಿದವನು ಸ್ಟ್ಯಾಂಡಿನ ಹುಡುಗ ಮಾದೇಶ.

"ಜಾಸ್ತಿ ಆಗಲಿಲ್ವಾ?" ಎಂದು ವಾರಿಜಾ ಅವನನ್ನು ಕೇಳಿದಳು.

"ಗಾಡಿ ಅಷ್ಟು ಬಾಳ್ತದೆ ಅತ್ತಿಗೆ. ಅಣ್ಣನ ಕೈ ಅದು."

ಸಾಲ ತೀರಿತು. ಎರಡು ವಾರಕ್ಕೆ, ಮಿಕ್ಕ ಹದಿನೆಂಟು ಸಾವಿರದ ಚೆಕ್ ಕಂಪನಿಯಿಂದ ಬಂತು.

ಅದನ್ನು ಹಾಕಲು ಬ್ಯಾಂಕಿಗೆ ಹೊರಟ ದಿನ, ಮಾದೇಶ ಅದೇ ಆಟೋ ತಂದು ಬಾಗಿಲಲ್ಲಿ ನಿಲ್ಲಿಸಿದ. ಅವಳು ಹತ್ತಿದಳು. ಅವನು ಒಂದು ಕ್ಷಣ ಯೋಚಿಸಿ... ಮೀಟರ್ ಹಾಕಿದ.

ಇಳಿಯುವಾಗ ಅವಳು ಐವತ್ತರ ನೋಟು ಕೊಟ್ಟಳು. ಅವನು ಚಿಲ್ಲರೆ ಎಣಿಸಿ ವಾಪಸ್ ಕೊಟ್ಟ.

ಇಬ್ಬರೂ ನಕ್ಕರು.

ಕಷ್ಟದಲ್ಲಿರುವವರ ಮುಂದೆ ತಲೆ ತಗ್ಗಿಸುವುದಲ್ಲ, ಅವರಿಗೆ ಬೇಕಾದದ್ದೇನೆಂದು ಕೇಳುವುದೇ ಮರ್ಯಾದೆ.

ಮರ್ಯಾದೆಯೆಂದುಕೊಂಡು ನೀವು ಯಾರ ಮುಂದೆ ಸುಮ್ಮನಿದ್ದೀರಿ... ಒಮ್ಮೆಯಾದರೂ ಅವರನ್ನು ಕೇಳಿದ್ದೀರಾ?